ಕಣ್ಣು ಕುಕ್ಕುವ ದೀಪಕ್ಕೆ ದಂಡ, ಕಣ್ಣಿಗೆ ಬೀಳದ ಇಂಡಿಕೇಟರಿಗೆ?

2024ರ ಜುಲೈ ತಿಂಗಳಿನಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟುಗಳ ವಿರುದ್ಧ ಪ್ರಕರಣ ದಾಖಲಿಸತೊಡಗಿದಾಗ ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇರಲಿಲ್ಲ. ರಾತ್ರಿ ಹೆದ್ದಾರಿಯಲ್ಲಿ ಎದುರಿನಿಂದ ಬರುವ ವಾಹನದ ಬಿಳಿಯ ಬೆಳಕಿಗೆ ಕ್ಷಣಕಾಲ ಕುರುಡಾಗಿ, ರಸ್ತೆಯ ಅಂಚೆಲ್ಲಿ, ಗುಂಡಿಯೆಲ್ಲಿ ಎಂದು ತಿಳಿಯದೆ ತತ್ತರಿಸಿದ ಅನುಭವ ವಾಹನ ಓಡಿಸುವ ಯಾರಿಗೆ ತಾನೇ ಆಗಿಲ್ಲ? ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಅಡಿ ದಂಡ ವಿಧಿಸುವ ಆ ಕಾರ್ಯಾಚರಣೆ ಅಗತ್ಯವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ಎಲ್‌ಇಡಿ ಮೋಟಾರ್ ಸೈಕಲ್ಲಿನ ಇನ್ನೊಂದು ಮೂಲೆಯನ್ನೂ ಸದ್ದಿಲ್ಲದೆ ಸೇರಿಕೊಂಡಿದೆ. ಮುಂದೆ ಎರಡು, ಹಿಂದೆ ಎರಡು ಇರುವ ಇಂಡಿಕೇಟರುಗಳಲ್ಲಿ ಹಳೆಯ ತಂತು ಬಲ್ಬನ್ನು ಕಿತ್ತು ಎಲ್‌ಇಡಿ ಕೂರಿಸುವುದು ಇಂದು ಕಾಲು ಗಂಟೆಯ ಬೀದಿಬದಿ ಕೆಲಸ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಬಿಡಿಭಾಗದ ಅಂಗಡಿಗಳವರೆಗೆ ಈ ಸರಕು ದೊರೆಯುತ್ತದೆ. ಆನ್‌ಲೈನ್ ಮಾರಾಟದಲ್ಲಂತೂ ಬಗೆಬಗೆಯದು. ಇಂಡಿಕೇಟರಿನ ಎಲ್‌ಇಡಿ ಎದುರಿನವರ ಕಣ್ಣು ಕುಕ್ಕುವುದಿಲ್ಲ. ಅದರ ದೋಷವೇ ಬೇರೆ. ತಪ್ಪಾಗಿ ಅಳವಡಿಸಿದಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಇಲ್ಲವೇ ಹೇಳಬಾರದ್ದನ್ನು ಹೇಳುತ್ತದೆ. ಕುಕ್ಕುವ ದೀಪದ ಬಗ್ಗೆ ದೂರಲು ಎದುರಿಗೊಬ್ಬರು ಇದ್ದೇ ಇರುತ್ತಾರೆ. ಕಾಣದ ದೀಪದ ಬಗ್ಗೆ ದೂರು ಕೊಡುವವರು ಯಾರು?

ಸಂಜೆಯ ಹೊತ್ತು ಬೆಂಗಳೂರಿನಿಂದ ಕೆಂಗೇರಿಯತ್ತ ಸಾಗುವ ಮೈಸೂರು ರಸ್ತೆಯನ್ನೇ ಗಮನಿಸಬಹುದು. ಇಳಿಬಿಸಿಲು ನೇರವಾಗಿ ಸವಾರರ ಮುಖಕ್ಕೆ ಹೊಡೆಯುತ್ತಿರುತ್ತದೆ. ಮುಂದಿನ ಬೈಕಿನವನು ಬಲಕ್ಕೆ ತಿರುಗಲೆಂದು ಗುಂಡಿ ಒತ್ತಿ, ಮೀಟರಿನಲ್ಲಿ ಹಸಿರು ಬಾಣ ಮಿನುಗುವುದನ್ನು ಕಂಡು ತನ್ನ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತಾನೆ. ಹಿಂದಿನ ಬಸ್ಸಿನ ಚಾಲಕನಿಗೆ ಕಾಣುವುದು ಬೆಳಕಿಗೆ ಎದುರಾದ ಒಂದು ಕಪ್ಪು ಆಕೃತಿ ಮಾತ್ರ. ಅದರ ಬಲ ಮೂಲೆಯಲ್ಲಿ ಮಸುಕಾಗಿ ಮಿಂಚುತ್ತಿರುವುದು ಇಂಡಿಕೇಟರೋ ಕ್ರೋಮಿಯಂ ಲೇಪನದ ಹೊಳಪೋ ಎಂದು ನಿರ್ಧರಿಸಲು ಅವನಿಗಿರುವುದು ಒಂದೆರಡು ಕ್ಷಣ.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯ ಪ್ರಕಾರ ಅವರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ಇವರಲ್ಲಿ ಎಷ್ಟು ಮಂದಿ ಇಂಡಿಕೇಟರಿನ ದೋಷದಿಂದ ಸತ್ತರು ಎಂದು ವಿಂಗಡಿಸುವ ಕ್ರಮ ಆ ವರದಿಯಲ್ಲಿಲ್ಲ. ಆದ್ದರಿಂದ ಎಲ್‌ಇಡಿ ಇಂಡಿಕೇಟರುಗಳೇ ಪ್ರಾಣ ತೆಗೆಯುತ್ತಿವೆ ಎಂದು ಯಾರಾದರೂ ಅಬ್ಬರಿಸಿದರೆ ನಂಬಬೇಕಾಗಿಲ್ಲ. ಆದರೆ ಬೆಂಗಳೂರಿನ ನೋಂದಾಯಿತ ವಾಹನಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ದ್ವಿಚಕ್ರಗಳೇ. ಲೋಹದ ಕವಚವಿಲ್ಲದ ಈ ವಾಹನದ ಸವಾರ ತಿರುವಿನಲ್ಲಿ ತನ್ನ ಉದ್ದೇಶವನ್ನು ಅಪರಿಚಿತರಿಗೆ ತಿಳಿಸಲು ಇರುವ ಸಾಧನ ಆ ಪುಟ್ಟ ದೀಪವೊಂದೇ.

ಮನೆಯ ಬಲ್ಬಿನ ಲೆಕ್ಕಾಚಾರ

ಜನ ಯಾಕೆ ಎಲ್‌ಇಡಿಗೆ ಮರುಳಾಗುತ್ತಾರೆ ಎಂಬುದನ್ನು ಅರಿಯುವುದು ಕಷ್ಟವಲ್ಲ. 2015ರಲ್ಲಿ ಕೇಂದ್ರ ಸರ್ಕಾರ ಉಜಾಲಾ ಯೋಜನೆಯ ಮೂಲಕ ಮನೆಮನೆಗೆ ಅಗ್ಗದ ಎಲ್‌ಇಡಿ ಬಲ್ಬು ತಲುಪಿಸಿದ ಮೇಲೆ, ಹಳೆಯ ಹೋಲ್ಡರಿಗೆ ಹೊಸ ಬಲ್ಬು ಸಿಕ್ಕಿಸಿದರೆ ಬೆಳಕು ಹೆಚ್ಚುತ್ತದೆ, ಬಿಲ್ಲು ಇಳಿಯುತ್ತದೆ ಎಂಬ ಪಾಠ ಎಲ್ಲರಿಗೂ ಮನದಟ್ಟಾಯಿತು. ಮೋಟಾರ್ ಸೈಕಲ್ ಲೋಕದಲ್ಲಿ ಅದಕ್ಕೂ ಮೊದಲೇ ಆಸೆ ಹುಟ್ಟಿತ್ತು. 2006ರ ಸುಮಾರಿಗೆ ಬಜಾಜ್ ಪಲ್ಸರ್ ಎರಡು ಕೆಂಪು ಪಟ್ಟಿಗಳ ಎಲ್‌ಇಡಿ ಹಿಂಬದಿ ದೀಪದೊಡನೆ ಬಂದಾಗ ಅದನ್ನು ಕಂಡ ಹುಡುಗರು ತಮ್ಮ ಹಳೆಯ ಬೈಕಿಗೂ ಅಂಥದ್ದೇ ಬೇಕೆಂದು ಮೆಕ್ಯಾನಿಕ್‌ಗಳ ಬೆನ್ನು ಹತ್ತಿದ್ದುಂಟು. ಈಗ ಹಲವು ಹೊಸ ಮಾದರಿಗಳು ಕಾರ್ಖಾನೆಯಿಂದಲೇ ಎಲ್‌ಇಡಿ ಇಂಡಿಕೇಟರಿನೊಂದಿಗೆ ಹೊರಬರುತ್ತಿವೆ.

ಎಲ್‌ಇಡಿಯ ಗುಣಗಳನ್ನು ಅಲ್ಲಗಳೆಯಲಾಗದು. ಅದರಲ್ಲಿ ಕಡಿದುಹೋಗುವ ತಂತು ಇಲ್ಲ. ಒಂಟಿ ಸಿಲಿಂಡರಿನ ಎಂಜಿನ್ನಿನ ನಡುಕಕ್ಕೂ ನಗರದ ರಸ್ತೆಗುಂಡಿಗಳಿಗೂ ತಂತು ಬಲ್ಬು ತಿಂಗಳೊಪ್ಪತ್ತಿನಲ್ಲಿ ಸಾಯುವುದನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ. ಇನ್ನು ಬ್ರೇಕ್ ಲೈಟಿನ ವಿಚಾರದಲ್ಲಿ ಎಲ್‌ಇಡಿಯ ಮೇಲುಗೈ ಸ್ಪಷ್ಟ. ತಂತು ಕಾದು ಪೂರ್ಣ ಬೆಳಕು ಕೊಡಲು ಸುಮಾರು 200 ಮಿಲಿಸೆಕೆಂಡು ಬೇಕು. ಎಲ್‌ಇಡಿ ಕಣ್ಣು ಮಿಟುಕಿಸುವುದರೊಳಗೆ, ಅದಕ್ಕಿಂತಲೂ ಎಷ್ಟೋ ಬೇಗ, ಹೊತ್ತಿಕೊಳ್ಳುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂಬಾಲಿಸುವ ವಾಹನ ಆ 200 ಮಿಲಿಸೆಕೆಂಡಿನಲ್ಲಿ ಮೂರು ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತದೆ. ಹಿಂದಿನವನಿಗೆ ಹತ್ತು ಅಡಿ ಹೆಚ್ಚು ಅವಕಾಶ ದೊರೆತರೆ ಬೈಕಿನ ಹಿಂಬದಿ ಕುಳಿತವರ ಬೆನ್ನುಮೂಳೆ ಉಳಿದೀತು.

ಆದರೆ ವಿದ್ಯುತ್ ಉಳಿತಾಯದ ವಾದ ಮಾತ್ರ ಇಂಡಿಕೇಟರಿನ ಮಟ್ಟಿಗೆ ಬೆಟ್ಟ ಅಗೆದು ಇಲಿ ಹಿಡಿದಂತೆ. ಹತ್ತು ವಾಟಿನ ಎರಡು ಬಲ್ಬುಗಳು ದಿನವೊಂದರಲ್ಲಿ ಒಟ್ಟು ಐದು ನಿಮಿಷ ಉರಿದರೂ ಖರ್ಚಾಗುವುದು ಎರಡು ವಾಟ್-ಗಂಟೆಗಿಂತ ಕಡಿಮೆ. ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರಗಳಲ್ಲಿ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟ್ ತಾನಾಗಿ ಉರಿಯುವ ವ್ಯವಸ್ಥೆ ಕಡ್ಡಾಯವಾಗಿದೆ. ಹಗಲಿರುಳೂ ಉರಿಯುವ ದೀಪಗಳಲ್ಲಿ ಉಳಿತಾಯ ಹುಡುಕಿದರೆ ಅದಕ್ಕೊಂದು ಅರ್ಥವುಂಟು. ಇಂಡಿಕೇಟರ್ ಬದಲಿಸುವವರನ್ನು ಸೆಳೆಯುವುದು ಉಳಿತಾಯವಲ್ಲ, ನೋಟ. ಹಾಗೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಪಡಬೇಕಾದ್ದೂ ಇಲ್ಲ.

ರಿಲೇ ಕಲಿತಿದ್ದ ಭಾಷೆ

ಮನೆಯ ಬಲ್ಬಿನ ಪಾಠ ಬೈಕಿಗೆ ಒಗ್ಗದಿರುವುದು ಇಲ್ಲಿಂದಲೇ. ಮನೆಯಲ್ಲಿ ಸ್ವಿಚ್ಚಿಗೂ ಬಲ್ಬಿಗೂ ನಡುವೆ ಬರಿಯ ತಂತಿ ಇರುತ್ತದೆ. ಇಂಡಿಕೇಟರಿನಲ್ಲಿ ನಡುವೆ ಒಂದು ಫ್ಲ್ಯಾಶರ್ ರಿಲೇ ಇರುತ್ತದೆ. ದೀಪವನ್ನು ಮಿನುಗಿಸುವುದು ಅದರ ಕೆಲಸ. ಹಳೆಯ ಬಗೆಯ ರಿಲೇಯಲ್ಲಿ ಬಲ್ಬುಗಳಿಗೆ ಹರಿಯುವ ವಿದ್ಯುತ್ತೇ ಒಂದು ಲೋಹದ ಪಟ್ಟಿಯನ್ನು ಕಾಯಿಸುತ್ತದೆ. ಕಾದ ಪಟ್ಟಿ ಬಾಗಿ ಸಂಪರ್ಕ ಕಡಿಯುತ್ತದೆ, ತಣಿದು ಮತ್ತೆ ಕೂಡುತ್ತದೆ. ಬಲ್ಬು ಎಷ್ಟು ವಿದ್ಯುತ್ ಎಳೆಯುತ್ತದೆ ಎಂಬುದರ ಮೇಲೆಯೇ ಈ ತಾಳ ನಿಂತಿದೆ.

ಹತ್ತು ವಾಟಿನ ಎರಡು ಬಲ್ಬುಗಳು ಹನ್ನೆರಡು ವೋಲ್ಟಿನಲ್ಲಿ ಎಳೆಯುವುದು ಸುಮಾರು 1.7 ಆಂಪಿಯರ್. ಅವುಗಳ ಜಾಗದಲ್ಲಿ ಒಂದೊಂದು ವಾಟಿನ ಎಲ್‌ಇಡಿ ಕೂರಿಸಿದರೆ ಅದು ಹತ್ತನೇ ಒಂದಕ್ಕೆ ಇಳಿಯುತ್ತದೆ. ಅಷ್ಟು ಕಡಿಮೆ ವಿದ್ಯುತ್ತಿಗೆ ಹಳೆಯ ಪಟ್ಟಿ ಕಾಯುವುದೇ ಇಲ್ಲ. ದೀಪ ಮಿನುಗದೆ ಸುಮ್ಮನೆ ಉರಿಯುತ್ತ ನಿಲ್ಲುತ್ತದೆ. ಹೊರೆಯನ್ನು ಅಳೆಯುವ ಎಲೆಕ್ಟ್ರಾನಿಕ್ ರಿಲೇಯಾದರೆ ಬಲ್ಬೊಂದು ಸುಟ್ಟಿದೆ ಎಂದು ಭಾವಿಸಿ ದುಪ್ಪಟ್ಟು ವೇಗದಲ್ಲಿ ಪಟಪಟನೆ ಮಿನುಗಿಸುತ್ತದೆ. ಎಲ್‌ಇಡಿ ಹಾಕಿಸಿಕೊಂಡವರು ಮರುದಿನವೇ ಅಂಗಡಿಗೆ ಮರಳಿ ಹೇಳುವ ದೂರುಗಳು ಬಹುತೇಕ ಇವೇ.

ಅತಿವೇಗದ ಮಿನುಗು ಬರೀ ಕಿರಿಕಿರಿಯಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989ರ 102ನೇ ನಿಯಮ ಇಂಡಿಕೇಟರು ಅಂಬರ್ ಬಣ್ಣದ್ದಾಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದಂತೆ, 120ಕ್ಕಿಂತ ಹೆಚ್ಚಿಲ್ಲದಂತೆ ಮಿನುಗಬೇಕು ಎನ್ನುತ್ತದೆ. ಈ ಸಂಖ್ಯೆಗಳನ್ನು ಯಾರೋ ಮನಬಂದಂತೆ ಬರೆದಿಟ್ಟದ್ದಲ್ಲ. ವಾಹನ ದೀಪಗಳ ಅಂತರರಾಷ್ಟ್ರೀಯ ನಿಯಮಗಳಲ್ಲೂ ಇರುವುದು ಇದೇ ಮಿತಿ. ತೀರ ನಿಧಾನವಾದರೆ ದೀಪ ಆರಿರುವ ಹೊತ್ತಿನಲ್ಲಿ ನೋಡಿದವನಿಗೆ ಸಂಕೇತವೇ ತಪ್ಪಿಹೋಗುತ್ತದೆ. ತೀರ ವೇಗವಾದರೆ ದೂರದಿಂದ ಅದು ಮಿನುಗಿನಂತೆ ಕಾಣದೆ ನಡುಗುವ ಬೆಳಕಿನಂತೆ ಕಾಣುತ್ತದೆ.

ಇದಕ್ಕೆ ಮಾರುಕಟ್ಟೆ ಕಂಡುಕೊಂಡ ಮೊದಲ ಮದ್ದು ಪ್ರತಿರೋಧಕ, ಅಂಗಡಿಯವರ ಬಾಯಲ್ಲಿ ರೆಸಿಸ್ಟರ್. ಪ್ರತಿ ಬದಿಯ ಎಲ್‌ಇಡಿಗೆ ಸಮಾನಾಂತರವಾಗಿ ಅದನ್ನು ಜೋಡಿಸಿದರೆ ರಿಲೇಗೆ ಹಳೆಯ ಬಲ್ಬೇ ಇದ್ದಂತೆ ತೋರುತ್ತದೆ. ಎಂದರೆ ಎಲ್‌ಇಡಿ ಉಳಿಸಿದ ವಿದ್ಯುತ್ತನ್ನು ರೆಸಿಸ್ಟರ್ ಬಿಸಿಯಾಗಿ ಸುಡುತ್ತದೆ! ಹತ್ತು ಓಮಿನ ರೆಸಿಸ್ಟರ್ ಹನ್ನೆರಡು ವೋಲ್ಟಿನಲ್ಲಿ ಹದಿನಾಲ್ಕು ವಾಟಿಗೂ ಹೆಚ್ಚು ಶಾಖ ಹೊರಹಾಕುತ್ತದೆ. ಸೀಟಿನ ಕೆಳಗೆ, ಪ್ಲಾಸ್ಟಿಕ್ ಪ್ಯಾನೆಲಿಗೆ ಒತ್ತಿಕೊಂಡು, ಇತರ ತಂತಿಗಳ ಕಂತೆಯೊಳಗೆ ಅದನ್ನು ತುರುಕಿ ಟೇಪು ಸುತ್ತಿದ ಮೇಲೆ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಇಂಡಿಕೇಟರು ಆರಿಸಲು ಮರೆಯುವ ಸವಾರರು ಈ ನಾಡಿನಲ್ಲಿ ಎಷ್ಟಿದ್ದಾರೆಂಬುದೂ ಎಲ್ಲರಿಗೂ ಗೊತ್ತಿರುವ ಸಂಗತಿಯೇ.

ಸರಿಯಾದ ದಾರಿ ರಿಲೇಯನ್ನೇ ಬದಲಿಸುವುದು. ಹೊರೆ ಎಷ್ಟೇ ಇದ್ದರೂ ಒಂದೇ ತಾಳದಲ್ಲಿ ಮಿನುಗಿಸುವ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಅಗ್ಗವಾಗಿಯೇ ಸಿಗುತ್ತದೆ. ಎರಡು ಪಿನ್ನಿನದೋ ಮೂರು ಪಿನ್ನಿನದೋ ನೋಡಿಕೊಂಡು, ಬ್ಯಾಟರಿಯ ತಂತಿ 'ಬಿ' ಎಂದಿರುವಲ್ಲಿಗೆ, ದೀಪದ ತಂತಿ 'ಎಲ್' ಎಂದಿರುವಲ್ಲಿಗೆ, ಮೂರನೆಯದಿದ್ದರೆ ಭೂಸಂಪರ್ಕಕ್ಕೆ ಸೇರಿಸಬೇಕು. ತಿರುವುಮುರುವಾದರೆ ಕೆಲಸ ಮಾಡದು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಕಾಲದ ಕೆಲವು ಬೈಕುಗಳಲ್ಲಿ ಪ್ರತ್ಯೇಕ ರಿಲೇಯೇ ಇಲ್ಲ. ಮಿನುಗಿಸುವ ಕೆಲಸವನ್ನು ಮೀಟರ್ ಅಥವಾ ನಿಯಂತ್ರಣ ಘಟಕವೇ ಮಾಡುತ್ತದೆ. ಅಲ್ಲಿ ತಂತಿ ಕತ್ತರಿಸಿ ಕೈಯಾಡಿಸಿದರೆ ಇಂಡಿಕೇಟರಿನ ಆಸೆಗೆ ಮೀಟರಿನ ಬೆಲೆ ತೆರಬೇಕಾದೀತು.

ಈ ಸರಿಯಾದ ದಾರಿಯಲ್ಲೂ ಒಂದು ನಷ್ಟವಿದೆ. ಅದನ್ನು ಅಂಗಡಿಯವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಹಳೆಯ ರಿಲೇ ತಾಳ ತಪ್ಪಿದಾಗ ಸವಾರನಿಗೆ ಒಂದು ಸಂಗತಿ ತಿಳಿಯುತ್ತಿತ್ತು: ಯಾವುದೋ ಬಲ್ಬು ಸತ್ತಿದೆ. ಹೊರೆಯನ್ನು ಲೆಕ್ಕಿಸದ ಹೊಸ ರಿಲೇಗೆ ಆ ಮಾತು ಬರುವುದಿಲ್ಲ. ಹಿಂದಿನ ಎಲ್‌ಇಡಿ ಸತ್ತರೂ ಮುಂದಿನದು ಅದೇ ತಾಳದಲ್ಲಿ ಮಿನುಗುತ್ತದೆ, ಮೀಟರಿನ ಬಾಣವೂ ಮಿನುಗುತ್ತದೆ. ಸವಾರ ವಾರಗಟ್ಟಲೆ ನಿಶ್ಚಿಂತೆಯಿಂದ ತಿರುಗುತ್ತಾನೆ. ಎಲ್‌ಇಡಿ ಸಾಯುವುದಿಲ್ಲ ಎಂಬ ನಂಬಿಕೆ ಬೇರೆ. ಎಲ್‌ಇಡಿ ಚಿಪ್ಪು ಬಾಳಿಕೆ ಬಂದರೂ, ಅಗ್ಗದ ಬಲ್ಬುಗಳಲ್ಲಿ ಅದನ್ನು ಹಿಡಿದಿಡುವ ಬೆಸುಗೆ, ಮಳೆನೀರು ತಡೆಯಬೇಕಾದ ಮುಚ್ಚಳ ಅಷ್ಟು ಬಾಳುವುದಿಲ್ಲ.

ಎಡಕ್ಕೆ ಹಾಕಿದರೆ ನಾಲ್ಕೂ

ಇದಕ್ಕಿಂತ ಸೋಜಿಗದ ಇನ್ನೊಂದು ತೊಡಕಿದೆ. ಹಲವು ಕಮ್ಯೂಟರ್ ಬೈಕುಗಳ ಮೀಟರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬಾಣದ ಬದಲು ಎರಡಕ್ಕೂ ಸೇರಿ ಒಂದೇ ಸೂಚಕ ದೀಪ ಇರುತ್ತದೆ. ಅದರ ಒಂದು ತುದಿ ಎಡಬದಿಯ ತಂತಿಗೆ, ಇನ್ನೊಂದು ತುದಿ ಬಲಬದಿಯ ತಂತಿಗೆ ಸೇರಿರುತ್ತದೆ. ಎಡ ಇಂಡಿಕೇಟರ್ ಹಾಕಿದಾಗ ವಿದ್ಯುತ್ತು ಸೂಚಕದ ಮೂಲಕ ಹಾದು ಬಲಬದಿಯ ಬಲ್ಬುಗಳ ತಂತಿನ ದಾರಿಯಿಂದ ಭೂಸಂಪರ್ಕ ಸೇರುತ್ತದೆ. ಆ ಅಲ್ಪ ವಿದ್ಯುತ್ತಿಗೆ ಹತ್ತು ವಾಟಿನ ಬಲ್ಬು ಮಿಸುಕುವುದೂ ಇಲ್ಲ. ಎಲ್‌ಇಡಿಗೆ ಮಾತ್ರ ಅಷ್ಟೇ ಸಾಕು. ಪರಿಣಾಮ, ಎಡಕ್ಕೆ ಹಾಕಿದರೆ ಬಲವೂ ಮಿನುಗುತ್ತದೆ. ನಾಲ್ಕೂ ದೀಪ ಒಟ್ಟಿಗೇ!

ಎಡವೋ ಬಲವೋ ಎಂದು ಹೇಳಬೇಕಾದ ಸಾಧನ ಎರಡನ್ನೂ ಹೇಳಿದರೆ ಅದಿಲ್ಲದಿರುವುದೇ ಲೇಸು. ಪರಿಹಾರವೇನೋ ಸುಲಭ. ಸೂಚಕದ ತಂತಿಗಳಲ್ಲಿ ಎರಡು ಡಯೋಡುಗಳನ್ನು, ಸಾಮಾನ್ಯವಾಗಿ 1ಎನ್4007 ಎಂಬ ಚಿಲ್ಲರೆ ಕಾಸಿನ ಡಯೋಡುಗಳನ್ನು, ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುವಂತೆ ಹಾಕಿ, ಸೂಚಕದ ಇನ್ನೊಂದು ತುದಿಯನ್ನು ನೇರವಾಗಿ ಭೂಸಂಪರ್ಕಕ್ಕೆ ಕೊಡಬೇಕು. ಈ ವಿದ್ಯೆ ಬಲ್ಲ ಆಟೋ ಎಲೆಕ್ಟ್ರಿಷಿಯನ್‌ಗಳು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಎಲ್‌ಇಡಿ ಮಾರುವ ಅಂಗಡಿ ಬೇರೆ, ತಂತಿ ಬಲ್ಲವನ ಅಂಗಡಿ ಬೇರೆ. ಎಷ್ಟೋ ಸವಾರರು ಮೊದಲನೆಯದಕ್ಕೆ ಹೋಗಿ ಎರಡನೆಯದರವರೆಗೆ ತಲುಪುವುದೇ ಇಲ್ಲ. 'ಎಲ್ಲರದೂ ಹೀಗೇ ಸಾರ್' ಎಂಬ ಸಮಾಧಾನ ಕೇಳಿಕೊಂಡು ಮನೆಗೆ ಮರಳುತ್ತಾರೆ.

ಇದರ ಜೊತೆಗೆ ಬೇಕೆಂದೇ ನಾಲ್ಕನ್ನೂ ಮಿನುಗಿಸುವ ಹವ್ಯಾಸವೊಂದು ಬೆಳೆದಿದೆ. ವೃತ್ತದಲ್ಲಿ ನೇರ ಹೋಗುವಾಗ, ಮಳೆ ಬಂದಾಗ, ಗುಂಪಾಗಿ ನಂದಿಬೆಟ್ಟಕ್ಕೆ ಹೊರಟಾಗ ಹ್ಯಾಜಾರ್ಡ್ ಗುಂಡಿ ಒತ್ತುವವರು ಹೆಚ್ಚಿದ್ದಾರೆ. ಕೆಟ್ಟು ನಿಂತ ವಾಹನದ ಸಂಕೇತವನ್ನು ಓಡುವ ವಾಹನ ತೋರಿಸಿದರೆ, ಆಮೇಲೆ ಅದೇ ಬೈಕು ಎಡಕ್ಕೆ ತಿರುಗುವುದನ್ನು ಹಿಂದಿನವನು ಯಾವ ದೀಪದಿಂದ ತಿಳಿಯಬೇಕು?

ಬಣ್ಣ ಮತ್ತು ಬಿಂಬ

ತಂತು ಬಲ್ಬು ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತದೆ. ಇಂಡಿಕೇಟರಿನ ಹಿಂಬದಿಯ ಪ್ರತಿಫಲಕ ಆ ತಂತಿನ ಸ್ಥಾನಕ್ಕೆ ಸರಿಯಾಗಿ ಲೆಕ್ಕ ಹಾಕಿ ರೂಪಿಸಿದ್ದು. ಆ ಬೆಳಕನ್ನು ಹಿಡಿದು ಗಾಜಿನ ತುಂಬ ಹರಡಿ, ನೇರ ಹಿಂದಿರುವವನಿಗೂ ಪಕ್ಕದ ಲೇನಿನವನಿಗೂ ಕಾಣುವಂತೆ ಮಾಡುವುದು ಅದರ ಕೆಲಸ. ಎಲ್‌ಇಡಿ ಬಲ್ಬಿನ ಚಿಪ್ಪುಗಳು ಚಪ್ಪಟೆ ಮುಖದಿಂದ ಒಂದೇ ದಿಕ್ಕಿಗೆ ಬೆಳಕು ಕೊಡುತ್ತವೆ. ಅದನ್ನು ಹಳೆಯ ಪ್ರತಿಫಲಕದಲ್ಲಿ ಕೂರಿಸಿದಾಗ ಕೆಲವೊಮ್ಮೆ ಗಾಜಿನ ನಡುವೆ ಒಂದು ಚುಕ್ಕೆ ಮಾತ್ರ ಪ್ರಖರವಾಗಿ ಹೊಳೆದು ಸುತ್ತಲೂ ಕತ್ತಲೆ ಉಳಿಯುತ್ತದೆ. ಗ್ಯಾರೇಜಿನ ನೆರಳಿನಲ್ಲಿ ನಿಂತು ನೋಡಿದವನಿಗೆ ಅದೇ ಚುಕ್ಕೆ ಭಾರಿ ಪ್ರಕಾಶಮಾನವಾಗಿ ಕಾಣುತ್ತದೆ. ಬಿಸಿಲಿನಲ್ಲಿ, ಮೂವತ್ತು ಮೀಟರು ಹಿಂದೆ, ಒಂದಿಷ್ಟು ಓರೆಯಾಗಿ ನಿಂತು ನೋಡುವ ಸಹನೆ ಯಾರಿಗಿದೆ?

ಬಣ್ಣದ ವಿಚಾರವೂ ಹಾಗೆಯೇ. ಪಾರದರ್ಶಕ ಗಾಜಿನ ಇಂಡಿಕೇಟರಿನೊಳಗೆ ಬಿಳಿಯ ಎಲ್‌ಇಡಿ ಹಾಕಿದರೆ ಹಿಂದಕ್ಕೆ ಬಿಳಿ ಬೆಳಕು ಮಿನುಗುತ್ತದೆ. ನೀಲಿ ಹಾಕಿದವರೂ ಇದ್ದಾರೆ. ಅಂಬರ್ ಬಣ್ಣವೇ ಯಾಕೆ ಬೇಕೆಂಬುದಕ್ಕೆ ಅಮೆರಿಕದಿಂದ ಒಂದು ಪುರಾವೆ ಸಿಗುತ್ತದೆ. ಅಲ್ಲಿ ಹಿಂಬದಿಯ ಇಂಡಿಕೇಟರು ಕೆಂಪಾಗಿರಲೂ ಕಾನೂನಿನ ಒಪ್ಪಿಗೆಯಿದೆ. ಕಾರುಗಳನ್ನು ಹೋಲಿಸಿ ನೋಡಿದ ಅಲ್ಲಿನ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ, ತಿರುಗುವ ವಾಹನಕ್ಕೆ ಹಿಂದಿನಿಂದ ಗುದ್ದುವ ಬಗೆಯ ಅಪಘಾತಗಳು ಅಂಬರ್ ಇಂಡಿಕೇಟರಿದ್ದಾಗ ಶೇ. 5ರಷ್ಟು ಕಡಿಮೆ ಎಂದು 2009ರಲ್ಲಿ ವರದಿ ಮಾಡಿತು. ಕೆಂಪು ಬ್ರೇಕಿಗೆ, ಅಂಬರ್ ತಿರುವಿಗೆ ಎಂಬ ವಿಂಗಡಣೆ ಕಣ್ಣಿಗೆ ಅಭ್ಯಾಸವಾಗಿರುವುದರಿಂದಲೇ ಮೆದುಳು ಯೋಚಿಸದೆ ಅರ್ಥ ಗ್ರಹಿಸುತ್ತದೆ.

ನಂಬರ್ ಪ್ಲೇಟಿನ ಇಕ್ಕೆಲಗಳಲ್ಲಿ ಅಂಟಿಸಿದಂತಿರುವ ಪುಟಾಣಿ ಎಲ್‌ಇಡಿ ಕಡ್ಡಿಗಳು, ಟೇಲ್ ಲ್ಯಾಂಪಿನೊಳಗೇ ಇಂಡಿಕೇಟರನ್ನು ಅಡಕಮಾಡಿದ ಘಟಕಗಳು ಈಗಿನ ಹುಚ್ಚು. ದ್ವಿಚಕ್ರಗಳ ದೀಪ ಜೋಡಣೆಗೆ ಸಂಬಂಧಿಸಿದ ವಿಶ್ವಸಂಸ್ಥೆಯ 53ನೇ ನಿಯಮವು ಹಿಂದಿನ ಎರಡು ಇಂಡಿಕೇಟರುಗಳ ನಡುವೆ ಕನಿಷ್ಠ 180 ಮಿಲಿಮೀಟರ್, ಮುಂದಿನವುಗಳ ನಡುವೆ 240 ಮಿಲಿಮೀಟರ್ ಅಂತರವನ್ನು ವಿಧಿಸುತ್ತದೆ. ಅಷ್ಟು ಅಂತರವಿಲ್ಲದಿದ್ದರೆ ದೂರದಿಂದ ಮಿನುಗುವುದು ಎಡವೋ ಬಲವೋ ಎಂದೇ ತಿಳಿಯದು; ಬ್ರೇಕ್ ಹಿಡಿದಾಗಲಂತೂ ಕೆಂಪಿನ ಪ್ರಖರತೆಯಲ್ಲಿ ಅಂಬರ್ ಕರಗಿಹೋಗುತ್ತದೆ. ಹಿಂಬದಿಗೆ ಚಾಚಿಕೊಂಡ ಹಳೆಯ ಇಂಡಿಕೇಟರುಗಳನ್ನು 'ಕೊಂಬು' ಎಂದು ಲೇವಡಿ ಮಾಡುವವರು, ಆ ಕೊಂಬಿನ ಉದ್ದಕ್ಕೊಂದು ಕಾರಣವಿದೆ ಎಂಬುದನ್ನು ಗಮನಿಸಿದಂತಿಲ್ಲ.

ಬ್ರೇಕ್ ಲೈಟಿನ ಬದಲಾವಣೆಯಲ್ಲಿಯೂ ಇಂಥದ್ದೇ ಮೋಸ ಅಡಗಿದೆ. ಹಿಂಬದಿಯ ಬಲ್ಬು ಸಾಮಾನ್ಯವಾಗಿ ಎರಡು ತಂತುಗಳದ್ದು: ಸದಾ ಉರಿಯುವ 5 ವಾಟು, ಬ್ರೇಕ್ ಹಿಡಿದಾಗ 21 ವಾಟು. ನಾಲ್ಕು ಪಟ್ಟಿಗೂ ಮೀರಿದ ಈ ಅಂತರವೇ ಹಿಂದಿನವನಿಗೆ ಎಚ್ಚರಿಕೆ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಎರಡು ಹಂತಗಳ ಅಂತರ ಎಷ್ಟೋ ಸಲ ಗುರುತು ಹಿಡಿಯಲಾರದಷ್ಟು ಕಿರಿದು. ಆಗ 200 ಮಿಲಿಸೆಕೆಂಡಿನ ಲಾಭವೆಲ್ಲ ನೀರುಪಾಲು. ಇನ್ನು ಕೆಂಪು ಎಲ್‌ಇಡಿ ಹಾಕಿದರೆ ಅದರ ಕೆಳಗಿನ ಕಿಂಡಿಯಿಂದ ನಂಬರ್ ಪ್ಲೇಟಿನ ಮೇಲೆ ಬೀಳುವುದೂ ಕೆಂಪು ಬೆಳಕೇ. ನಿಯಮ ಕೇಳುವುದು ಬಿಳಿ ಬೆಳಕನ್ನು. ಬಿಳಿ ಹಾಕಿದರೆ ಟೇಲ್ ಲ್ಯಾಂಪ್ ತಿಳಿಗುಲಾಬಿಯಾಗುತ್ತದೆ.

ಹಳೆಯ ಬೈಕು ಪ್ರಿಯರ ಸಂಕಷ್ಟ ಬೇರೆಯದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಮೊದಮೊದಲ ಜಾವಾಗಳು 6 ವೋಲ್ಟಿನವು. ಇಂಡಿಕೇಟರಿನ ಗೊಡವೆಯೇ ಇರಲಿಲ್ಲ, ಕೈಸನ್ನೆಯಲ್ಲೇ ಕೆಲಸ ಸಾಗುತ್ತಿತ್ತು. ಅವುಗಳನ್ನು ಜತನದಿಂದ ಉಳಿಸಿಕೊಂಡವರು ಇಂದಿನ ಸಂಚಾರದಲ್ಲಿ ಇಳಿಯಬೇಕಾದರೆ, ದುರ್ಬಲ ವಿದ್ಯುತ್ತಿನಲ್ಲೂ ಬೆಳಗುವ ಎಲ್‌ಇಡಿ ನಿಜಕ್ಕೂ ವರವೇ. 6 ವೋಲ್ಟಿಗೆ ತಕ್ಕ ಬಲ್ಬು, ರಿಲೇ ಹುಡುಕಬೇಕಷ್ಟೆ.

ಕಾನೂನು ಎಲ್ಲಿ ನಿಂತಿದೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 182ಎ ಕಲಂ ಸೇರಿ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಾಯಿತು. ಕೇರಳ ಹೈಕೋರ್ಟ್ ಈ ಕಲಮನ್ನು ಬಿಗಿಯಾಗಿ ಜಾರಿಗೊಳಿಸುವಂತೆ ಅಲ್ಲಿನ ಅಧಿಕಾರಿಗಳಿಗೆ ಪದೇ ಪದೇ ಸೂಚಿಸಿದೆ; ಕೊಡಗಿನ ಗಡಿ ದಾಟಿ ವಯನಾಡಿಗೆ ಹೊರಡುವ ಸವಾರರು ತಿಳಿದಿರಬೇಕಾದ ಸಂಗತಿಯಿದು.

ಆದರೆ ನೋಂದಣಿ ಪತ್ರದಲ್ಲಿ ಇಂಡಿಕೇಟರ್ ಬಲ್ಬಿನ ಉಲ್ಲೇಖವೇ ಇಲ್ಲ. ಹಾಗಾದರೆ ಒಂದೇ ಬಣ್ಣದ, ಒಂದೇ ತಾಳದ, ಹಳೆಯದಕ್ಕಿಂತ ಚೆನ್ನಾಗಿ ಕಾಣುವ ಎಲ್‌ಇಡಿ ಬಲ್ಬು ಹಾಕಿದವನೂ, ನೀಲಿ ಬೆಳಕಿನ ನಾಲ್ಕು ದೀಪ ಕುಣಿಸುವವನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದವರೇ? ಪೆಟ್ಟಿಗೆ ಹೊತ್ತು ದಿನವಿಡೀ ಊಟ ತಲುಪಿಸುವ ಹುಡುಗನೊಬ್ಬ ಪದೇ ಪದೇ ಬಲ್ಬು ಸುಡುವುದಕ್ಕೆ ಬೇಸತ್ತು ಎಲ್‌ಇಡಿ ಹಾಕಿಸಿಕೊಂಡರೆ ಆತನ ಪಾಲಿಗೆ 5,000 ರೂಪಾಯಿ ಎಂದರೆ ಹಲವು ದಿನಗಳ ದುಡಿಮೆ. ಯಾವುದು ಸರಿ, ಯಾವುದು ತಪ್ಪು ಎಂದು ರಸ್ತೆಬದಿಯಲ್ಲಿ ನಿಂತ ಪೇದೆ ಕಣ್ಣಂದಾಜಿನಲ್ಲಿ ನಿರ್ಧರಿಸಬೇಕಾದ ಸ್ಥಿತಿ ಇಬ್ಬರಿಗೂ ನ್ಯಾಯವಲ್ಲ. ಮಾರುವ ಅಂಗಡಿಗೆ ಮಾತ್ರ ಇದಾವುದೂ ತಟ್ಟುವುದಿಲ್ಲ. ದಂಡದ ಚೀಟಿ ಕೊಂಡವನ ಕೈಗೆ, ಲಾಭ ಮಾರಿದವನ ಗಲ್ಲಕ್ಕೆ.

ಜರ್ಮನಿ ಈ ಗೋಜಲನ್ನು ಬಿಡಿಸಿಕೊಂಡ ಬಗೆ ಗಮನಾರ್ಹ. ಹಳೆಯ ಹೆಡ್‌ಲೈಟುಗಳಲ್ಲಿ ಎಲ್‌ಇಡಿ ಬಲ್ಬು ಹಾಕುವುದನ್ನು ಅಲ್ಲಿ ಬಹುಕಾಲ ನಿಷೇಧಿಸಲಾಗಿತ್ತು. 2020ರಲ್ಲಿ ಓಸ್ರಾಮ್ ಕಂಪನಿಯ ಬಲ್ಬಿಗೆ ಮೊದಲ ಬಾರಿಗೆ ಅನುಮತಿ ದೊರೆಯಿತು. ಆದರೆ ಅದು ಎಲ್ಲ ವಾಹನಗಳಿಗೂ ಅಲ್ಲ. ಇಂಥ ಬಲ್ಬು, ಇಂಥ ಮಾದರಿಯ ಇಂಥ ದೀಪದಲ್ಲಿ ಪರೀಕ್ಷೆಗೊಳಗಾಗಿ ತೇರ್ಗಡೆಯಾಗಿದೆ ಎಂಬ ಪಟ್ಟಿಯಲ್ಲಿದ್ದರೆ ಮಾತ್ರ ಅನುಮತಿ. ಮುಂದೆ ಕೆಲವು ಮೋಟಾರ್ ಸೈಕಲ್ಲುಗಳೂ ಪಟ್ಟಿಗೆ ಸೇರಿದವು. ಬಲ್ಬಿನ ಗುಣವನ್ನು ಬಲ್ಬಿನಲ್ಲಷ್ಟೇ ಅಳೆಯಲಾಗದು, ಅದು ಕೂರುವ ಪ್ರತಿಫಲಕದೊಡನೆ ಸೇರಿಸಿಯೇ ಅಳೆಯಬೇಕೆಂಬ ತಿಳಿವಳಿಕೆ ಆ ಕ್ರಮದ ಹಿಂದಿದೆ. ಭಾರತದಲ್ಲಿಯೂ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಗಳಿವೆ. ಹೊಸ ಬೈಕುಗಳ ದೀಪಗಳು ಇಂಥ ಪರೀಕ್ಷೆ ದಾಟಿಯೇ ಮಾರುಕಟ್ಟೆಗೆ ಬರುವುದು. ಲಕ್ಷಗಟ್ಟಲೆ ಮಾರಾಟವಾದ ಹತ್ತಿಪ್ಪತ್ತು ಮಾದರಿಗಳಿಗಾದರೂ ಒಪ್ಪಿತ ಎಲ್‌ಇಡಿ ಬಲ್ಬುಗಳ ಪಟ್ಟಿ ಹೊರಡಿಸುವುದು ಅಸಾಧ್ಯದ ಕೆಲಸವೇನಲ್ಲ.

ಅಲ್ಲಿಯವರೆಗೆ ಸುರಕ್ಷಿತ ದಾರಿ ತಯಾರಕರದೇ. ರಾಯಲ್ ಎನ್‌ಫೀಲ್ಡ್‌ನಂಥ ಕಂಪನಿಗಳು ತಮ್ಮ ಅಧಿಕೃತ ಪರಿಕರಗಳ ಪಟ್ಟಿಯಲ್ಲೇ ಎಲ್‌ಇಡಿ ಇಂಡಿಕೇಟರುಗಳನ್ನು ಇಟ್ಟಿವೆ. ಬಲ್ಬಷ್ಟೇ ಅಲ್ಲದೆ ಗಾಜು, ಪ್ರತಿಫಲಕ ಸಹಿತ ಇಡೀ ಘಟಕವೇ ಬದಲಾಗುವುದರಿಂದ ಬಿಂಬದ ತೊಂದರೆ ಇರದು. ಬೆಲೆ ಹೆಚ್ಚು, ಒಡೆದರೆ ಇಡೀ ಘಟಕವನ್ನೇ ಕೊಳ್ಳಬೇಕು. ತಂತು ಬಲ್ಬಾದರೆ ಹಳ್ಳಿಯ ಸೈಕಲ್ ಶಾಪಿನಲ್ಲೂ ಚಿಲ್ಲರೆಗೆ ಸಿಕ್ಕೀತು.

ಇನ್ನುಳಿದಿರುವುದು ತಪಾಸಣೆಯ ಪ್ರಶ್ನೆ. ಖಾಸಗಿ ಬೈಕೊಂದು ನೋಂದಣಿಯಾದ ಮೇಲೆ ಹದಿನೈದು ವರ್ಷ ತುಂಬಿ ನವೀಕರಣಕ್ಕೆ ಬರುವವರೆಗೆ ಆರ್‌ಟಿಒ ಅಧಿಕಾರಿಗಳ ಎದುರು ನಿಲ್ಲಬೇಕಾದ ಪ್ರಸಂಗವೇ ಬರುವುದಿಲ್ಲ. ನಡುವೆ ಅದು ತಪ್ಪದೆ ಹೋಗಬೇಕಾದ ಒಂದೇ ಜಾಗವೆಂದರೆ ಹೊಗೆ ತಪಾಸಣಾ ಕೇಂದ್ರ. ಅಲ್ಲಿ ಸೈಲೆನ್ಸರಿಗೆ ಕೊಳವೆ ತೂರಿಸಿ ನಿಲ್ಲುವ ಆ ಒಂದೆರಡು ನಿಮಿಷಗಳಲ್ಲಿ ಎಡ ಇಂಡಿಕೇಟರ್ ಹಾಕಿ ಹತ್ತು ಸೆಕೆಂಡು ಎಣಿಸಿದರೆ ಸಾಕು. ಹತ್ತರಿಂದ ಇಪ್ಪತ್ತರೊಳಗೆ ಮಿನುಗಿದರೆ ತಾಳ ಸರಿ. ಬಲಬದಿ ಸುಮ್ಮನಿದ್ದರೆ ತಂತಿ ಸರಿ. ಹತ್ತು ಹೆಜ್ಜೆ ಹಿಂದೆ ಸರಿದು ಓರೆಯಿಂದ ನೋಡಿದಾಗ ಅಂಬರ್ ಬೆಳಕು ಗಾಜಿನ ತುಂಬ ಕಂಡರೆ ದೀಪ ಸರಿ. ಇದಕ್ಕೆ ಯಂತ್ರ ಬೇಕಿಲ್ಲ, ಕೈಗಡಿಯಾರ ಸಾಕು. ಹೊಗೆಯ ಪ್ರಮಾಣಪತ್ರದಲ್ಲಿ ಇಂಗಾಲದ ಮಾನಾಕ್ಸೈಡಿಗೆ ಅಂಕಣವಿದೆ, ಹೈಡ್ರೋಕಾರ್ಬನ್ನಿಗೆ ಅಂಕಣವಿದೆ. ದೀಪಕ್ಕೆ ಇಲ್ಲ.